ಕಿಟಕಿಯಾಚೆಯ ಪಿಕಳಾರ ಗೂಡು ಬಿಟ್ಟು ಹೋದೀತೇ? ಕೈತೋಟದ ಹಕ್ಕಿ, ಪ್ರಾಣಿಗಳ ವೀಕ್ಷಣೆ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕೈತೋಟದ ದಾಸವಾಳದ ಗಿಡದಲ್ಲಿ ಪಿಕಳಾರದ ಜೋಡಿಯೊಂದು ಗೂಡು ಕಟ್ಟಿ ಮೂರು ಮೊಟ್ಟೆಗಳನ್ನಿಟ್ಟಿದೆ. ಗೂಡು ಕಿಟಕಿಯಿಂದ ಐದಾರು ಅಡಿ ದೂರದಲ್ಲಿದೆ. ದಿನಕ್ಕೆ ಮೂರು ನಾಲ್ಕು ಸಲ ಎಲೆಗಳನ್ನು ಸರಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದೆ. ನಿನ್ನೆ ನಾನು ಹತ್ತಿರ ಹೋದೊಡನೆ ಹಕ್ಕಿ ಹಾರಿಹೋಗಿ ತಂತಿಯ ಮೇಲೆ ಕುಳಿತು ಒಂದೇ ಸಮನೆ ಕೂಗತೊಡಗಿತು. ಅದು ಗೂಡನ್ನು ಬಿಟ್ಟುಬಿಡುತ್ತದೆಯೇ? ಎಷ್ಟು ದೂರದಿಂದ ನೋಡಿದರೆ ತೊಂದರೆಯಿಲ್ಲ?

ಉತ್ತರ: ನಮಸ್ಕಾರ. ಮೊದಲು ಚಿತ್ರ ತೆಗೆಯುವುದನ್ನು ನಿಲ್ಲಿಸಿ. ಗೂಡು ಬಿಟ್ಟುಹೋಗುವ ಅಪಾಯ ಮರಿಯಾದ ಮೇಲಿಗಿಂತ ಕಟ್ಟುವಾಗ ಮತ್ತು ಕಾವು ಕೂರುವಾಗಲೇ ಹೆಚ್ಚು. ಮರಿಗಳಾದ ಬಳಿಕ ತಾಯಿ ತಂದೆ ಅಷ್ಟು ಸುಲಭವಾಗಿ ಕದಲುವುದಿಲ್ಲ. ಆದರೆ ನನಗೆ ಹೆಚ್ಚು ಚಿಂತೆಯಾಗುವುದು ನೀವು ಸರಿಸಿದ ಎಲೆಗಳ ವಿಷಯದಲ್ಲಿ. ಪಿಕಳಾರ ಆ ಜಾಗವನ್ನು ಆರಿಸಿಕೊಂಡದ್ದೇ ಎಲೆಗಳ ಮರೆಯಿದೆಯೆಂದು. ಆ ಮರೆ ಒಂದು ಕಡೆ ತೆರೆದುಕೊಂಡರೆ ಕಾಗೆಗೂ ಬೆಕ್ಕಿಗೂ ದಾರಿಯಾಗುತ್ತದೆ, ನೆರಳಿನಲ್ಲಿದ್ದ ಮೊಟ್ಟೆಗಳ ಮೇಲೆ ಬಿಸಿಲು ಬೀಳುತ್ತದೆ. ಹಾಗಾಗಿ ಕೊಂಬೆಯನ್ನು ಕತ್ತರಿಸಬೇಡಿ, ಕಟ್ಟಲೂ ಬೇಡಿ.

ದೂರದ ಪ್ರಶ್ನೆಗೆ ಅಡಿಗಳ ಲೆಕ್ಕದಲ್ಲಿ ಉತ್ತರ ಹೇಳಲಾರೆ, ಏಕೆಂದರೆ ಅದನ್ನು ನಿರ್ಧರಿಸುವುದು ಹಕ್ಕಿಯೇ. ತನ್ನ ಪಾಡಿಗೆ ಗರಿ ತಿದ್ದಿಕೊಳ್ಳುತ್ತಿದ್ದ ಹಕ್ಕಿ ಥಟ್ಟನೆ ನಿಂತು ಕತ್ತು ನಿಗುರಿಸಿದರೆ ಅದು ನಿಮ್ಮನ್ನು ಗಮನಿಸಿದೆ ಎಂದರ್ಥ, ಅಲ್ಲಿಗೇ ನಿಲ್ಲಬೇಕು. ಎಚ್ಚರಿಕೆಯ ಕೂಗು ಹೊರಟರೆ ನೀವಾಗಲೇ ಮಿತಿ ದಾಟಿದ್ದೀರಿ. ಅತ್ಯಂತ ಸ್ಪಷ್ಟವಾದ ಸೂಚನೆಯೊಂದು ಮರಿಗಳಾದ ಮೇಲೆ ಕಾಣಿಸುತ್ತದೆ: ಕೊಕ್ಕಿನಲ್ಲಿ ಹುಳು ಹಿಡಿದು ಬಂದ ಹಕ್ಕಿ ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲಿ ಅತ್ತಿತ್ತ ಹಾರುತ್ತಾ ಕಾಯುತ್ತಿದ್ದರೆ, ಅದು ಕಾಯುತ್ತಿರುವುದು ನೀವು ಅಲ್ಲಿಂದ ಹೋಗಲೆಂದು. ಆ ಹುಳು ತಿನ್ನಬೇಕಾದ ಮರಿ ಅಷ್ಟು ಹೊತ್ತು ಹಸಿದಿರುತ್ತದೆ.

ನಿಮಗೆ ಒಳ್ಳೆಯ ಅನುಕೂಲವೊಂದಿದೆ, ಅದು ಆ ಕಿಟಕಿ. ಕೋಣೆಯ ದೀಪ ಆರಿಸಿ, ತೆಳು ಪರದೆ ಎಳೆದು, ಗಾಜಿನಿಂದ ಎರಡು ಹೆಜ್ಜೆ ಹಿಂದೆ ಕುಳಿತು ನೋಡಿ. ಹೊರಗಿನ ಬೆಳಕಿನಲ್ಲಿರುವ ಹಕ್ಕಿಗೆ ಕತ್ತಲ ಕೋಣೆಯೊಳಗಿನ ನೀವು ಕಾಣುವುದು ಕಷ್ಟ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಅಳತೆಯದು ಸಾಕು (8 ಎಂದರೆ ಹಿಗ್ಗಿಸುವ ಪಟ್ಟು, 42 ಎಂದರೆ ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ). ಕೈತೋಟಕ್ಕೆಂದೇ ಕೊಳ್ಳುವವರು ಎರಡು ಮೀಟರ್ ದೂರದ ವಸ್ತುವೂ ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ನೋಡಿಕೊಳ್ಳಬೇಕು. ಹೆಚ್ಚಿನವರು ಹಿಗ್ಗಿಸುವ ಶಕ್ತಿಯೊಂದನ್ನೇ ಕೇಳಿ ಮೋಸಹೋಗುತ್ತಾರೆ. ಕಾವು ಕೂರುವುದು ಸುಮಾರು ಎರಡು ವಾರ, ಮರಿಗಳು ಗೂಡಿನಿಂದ ಹೊರಬೀಳಲು ಅಷ್ಟು ದಿನವೂ ಬೇಕಾಗುವುದಿಲ್ಲ. ಅಷ್ಟು ಕಾಲ ಆ ಗಿಡದ ಹತ್ತಿರ ಸುಳಿಯದಿದ್ದರಾಯಿತು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಗೂಡಿನಿಂದ ಬಿದ್ದ ಮರಿಯನ್ನು ಮುಟ್ಟಿದರೆ ಮನುಷ್ಯರ ವಾಸನೆಗೆ ತಾಯಿ ಅದನ್ನು ಸೇರಿಸುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಮೈತುಂಬ ಗರಿ ಬಂದು, ಬಾಲ ಮಾತ್ರ ಮೋಟಾಗಿದ್ದು, ನೆಲದ ಮೇಲೆ ಕುಪ್ಪಳಿಸುತ್ತಿರುವ ಮರಿ ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ಅದರ ತಂದೆ ತಾಯಿ ಹತ್ತಿರದಲ್ಲೇ ಇರುತ್ತವೆ, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿಹಾಕುವುದಷ್ಟೇ ನಮ್ಮ ಕೆಲಸ. ಗರಿಯಿಲ್ಲದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿನೊಳಗಿಡಿ. ಬಾಯಿಗೆ ನೀರು ಹನಿಸಬೇಡಿ, ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಶ್ವಾಸಕೋಶಕ್ಕಿಳಿದು ಮರಿ ಸಾಯಬಹುದು.

ಪ್ರಶ್ನೆ: ಮಡಿವಾಳ ಹಕ್ಕಿಯೊಂದು ಒಂದು ವಾರದಿಂದ ನಮ್ಮ ಕಿಟಕಿಯ ಗಾಜನ್ನು ಕುಕ್ಕುತ್ತಿದೆ. ಹಸಿವೇ?

ಉತ್ತರ: ಹಸಿವಲ್ಲ, ಜಗಳ. ಗಾಜಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬವನ್ನು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಗಂಡೆಂದು ಅದು ತಿಳಿದಿದೆ. ಗಾಜಿನ ಹೊರಬದಿಗೆ ಹಳೆಯ ಪತ್ರಿಕೆ ಅಂಟಿಸಿ. ಒಳಬದಿಗೆ ಅಂಟಿಸಿದರೆ ಪ್ರತಿಬಿಂಬ ಹಾಗೆಯೇ ಉಳಿಯುತ್ತದೆ. ಸಂತಾನೋತ್ಪತ್ತಿಯ ಕಾಲ ಮುಗಿದೊಡನೆ ಈ ಹಗೆತನವೂ ಮುಗಿಯುತ್ತದೆ.

ಪ್ರಶ್ನೆ: ರಾತ್ರಿ ನಮ್ಮ ತೋಟಕ್ಕೆ ಯಾವುದೋ ಪ್ರಾಣಿ ಬಂದುಹೋಗುತ್ತದೆ. ಕ್ಯಾಮೆರಾ ಇಡದೆ ಗುರುತಿಸಬಹುದೇ?

ಉತ್ತರ: ಖಂಡಿತ. ಅದು ಓಡಾಡುವ ದಾರಿಯಲ್ಲಿ ಮೊಳದಗಲದ ಜಾಗದ ಕಲ್ಲು ಕಸ ತೆಗೆದು, ಜರಡಿ ಹಿಡಿದ ನಯವಾದ ಮಣ್ಣನ್ನು ಬೆರಳ ದಪ್ಪ ಹರಡಿ, ಸ್ವಲ್ಪ ನೀರು ಚಿಮುಕಿಸಿ ಸಂಜೆಗೆ ಸಮ ಮಾಡಿಡಿ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ, ಉಗುರು ಮೂಡುವುದಿಲ್ಲ; ನಾಯಿಯದರಲ್ಲಿ ನಾಲ್ಕು ಬೆರಳುಗಳ ಜೊತೆಗೆ ಉಗುರಿನ ಗುರುತೂ ಇರುತ್ತದೆ. ಐದು ಬೆರಳು ಎಣಿಸಿದಿರಾದರೆ ಅದು ಪುನುಗು ಬೆಕ್ಕಿರಬಹುದು. ಹೆಸರಿನಲ್ಲಿ ಬೆಕ್ಕಿದ್ದರೂ ಅದು ಬೆಕ್ಕಿನ ಕುಟುಂಬದ್ದಲ್ಲ. ಹತ್ತಿರದಲ್ಲೇ ಹಣ್ಣಿನ ಬೀಜಗಳು ತುಂಬಿದ ಹಿಕ್ಕೆ ಸಿಕ್ಕಿದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಮುಂಗುಸಿಯದೂ ಐದು ಬೆರಳೇ, ಆದರೆ ಅದು ಹಗಲು ತಿರುಗುವ ಪ್ರಾಣಿಯಾದ್ದರಿಂದ ಬೆಳಗಾಗುತ್ತಲೇ ಹೋಗಿ ಮಣ್ಣನ್ನು ನೋಡಬೇಕು. ಮುಂದೆ ಪ್ರಾಣಿ ಸುಳಿದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟರೆ ಮೊಣಕಾಲೆತ್ತರಕ್ಕೆ ಕಟ್ಟಿ, ಎದುರಿನ ಹುಲ್ಲನ್ನು ಸವರಿರಿ. ಅದರ ಸಂವೇದಕ ಚಲಿಸುವ ಬಿಸಿಯನ್ನು ಗ್ರಹಿಸುವುದರಿಂದ, ಬಿಸಿಲಿಗೆ ಕಾದು ತೂಗುವ ಎಲೆಯೂ ನೂರಾರು ಖಾಲಿ ಚಿತ್ರಗಳನ್ನು ತೆಗೆಸಿಬಿಡುತ್ತದೆ.

ಪ್ರಶ್ನೆ: ಬಂದ ಹಕ್ಕಿಗಳನ್ನು ಎಣಿಸಿ ಬರೆದಿಡಬೇಕೆಂದಿದ್ದೇನೆ. ಆದರೆ ಅದೇ ಗುಬ್ಬಚ್ಚಿ ಹತ್ತು ಸಲ ಬಂದರೆ ಲೆಕ್ಕ ಹೇಗೆ?

ಉತ್ತರ: ಒಂದೇ ಕ್ಷಣದಲ್ಲಿ ಒಟ್ಟಿಗೆ ಕಂಡ ಗರಿಷ್ಠ ಸಂಖ್ಯೆಯನ್ನು ಮಾತ್ರ ಬರೆಯಿರಿ. ಮೊದಲು ಮೂರು, ಆಮೇಲೆ ಐದು, ಕೊನೆಗೆ ಎರಡು ಕಂಡರೆ ಲೆಕ್ಕ ಐದು, ಹತ್ತಲ್ಲ. ಬ್ರಿಟನ್ನಿನಲ್ಲಿ 1979ರಿಂದ ನಡೆಯುತ್ತಿರುವ ಕೈತೋಟದ ಹಕ್ಕಿಗಳ ಗಣತಿಯ ನಿಯಮವೂ ಇದೇ. ಅಲ್ಲಿ ಒಂದು ಗಂಟೆ ಕೂತು ಎಣಿಸುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಜಗತ್ತಿನಾದ್ಯಂತ ಫೆಬ್ರವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಕನಿಷ್ಠ 15 ನಿಮಿಷ ಸಾಕು. ದಿನಾಂಕ, ವೇಳೆ, ಕೂತ ಅವಧಿ ಈ ಮೂರನ್ನು ಮರೆಯದೆ ಬರೆಯಿರಿ, ಏನೂ ಕಾಣದ ದಿನವೂ ಬರೆಯಿರಿ.

ಮೊದಲ ಪ್ರಶ್ನೆ ಕೇಳಿದವರು: ಸರ್, ಪರದೆ ಎಳೆದು ಕುಳಿತೆ. ಹತ್ತು ನಿಮಿಷದಲ್ಲಿ ಹಕ್ಕಿ ಮರಳಿತು. ಆದರೆ ನೇರವಾಗಿ ಗೂಡಿಗೆ ಹೋಗದೆ ಮೊದಲು ತಂತಿ, ಆಮೇಲೆ ಬೇಲಿ, ಬಳಿಕ ಗಿಡದ ಬುಡದ ಕೊಂಬೆ, ಹೀಗೆ ಸುತ್ತಿಕೊಂಡು ಹೋಯಿತು. ಇನ್ನೂ ಹೆದರಿದೆಯೇ?

ಉತ್ತರ: ಹೆದರಿಕೆಯಿಂದಲೇ ಇರಬೇಕೆಂದಿಲ್ಲ. ಗೂಡಿನ ಜಾಗ ಯಾರ ಕಣ್ಣಿಗೂ ಬೀಳದಿರಲೆಂದು ಅನೇಕ ಹಕ್ಕಿಗಳು ಹೀಗೆ ಬಳಸಿಕೊಂಡೇ ಹೋಗುತ್ತವೆ. ನಾಳೆಯೂ ಅದೇ ತಂತಿ, ಅದೇ ಬೇಲಿಯ ದಾರಿ ಹಿಡಿಯುತ್ತದೆಯೇ ನೋಡಿ ಇಲ್ಲಿ ಬರೆಯಿರಿ.