ಅಪ್‌ಡೇಟ್: ಈ ಸಲ ತಂದಿದ್ದು ಒಂಬತ್ತೇ ಕಾರ್ಡು

ಹೋದ ತಿಂಗಳು ಕೇಳಿದ್ದೆನಲ್ಲ, ಪೀಣ್ಯದಲ್ಲಿ ಲೇತ್ ಮೇಲೆ ಲೋಹದ ಭಾಗ ಮಾಡುವ ಚಿಕ್ಕ ಟರ್ನಿಂಗ್ ಶಾಪ್ ಇದೆ, ಎಕ್ಸಿಬಿಷನ್‌ಗೆ ಹೋಗಿ ರಾಶಿ ವಿಸಿಟಿಂಗ್ ಕಾರ್ಡ್ ತರುತ್ತೇನೆ, ಒಂದು ಆರ್ಡರೂ ಬರಲ್ಲ ಅಂತ. ಕಡಿಮೆ ಜನರನ್ನು ನೋಡಿ, ಮಾತಾಡಿದ್ದನ್ನು ಅಲ್ಲೇ ಬರೆದಿಟ್ಟುಕೊಳ್ಳಿ ಅಂದಿದ್ದಿರಿ. ಹಾಗೇ ಮಾಡಿದೆ.

ಕಳೆದ ವಾರ ಮಾದಾವರದ ಎಕ್ಸಿಬಿಷನ್ ಸೆಂಟರ್ ಬಿಐಇಸಿಗೆ ಹೋಗಿದ್ದೆ. ಮೆಟ್ರೊ ಅಲ್ಲಿಯವರೆಗೂ ಇರುವುದರಿಂದ ಪಾರ್ಕಿಂಗ್ ತಲೆನೋವು ಇರಲಿಲ್ಲ. ಹಿಂದಿನ ರಾತ್ರಿಯೇ ಒಂಬತ್ತು ಸ್ಟಾಲ್ ಗುರುತು ಹಾಕಿಕೊಂಡಿದ್ದೆ.

ಬ್ರೋಷರ್ ಬಿಟ್ಟು, ನಾವೇ ಮಾಡಿದ ಹಿತ್ತಾಳೆ ಫಿಟ್ಟಿಂಗ್ ಒಂದನ್ನು ಜೇಬಲ್ಲಿ ಇಟ್ಟುಕೊಂಡೆ. ಇದನ್ನು ಯಾರೂ ಹೇಳಿರಲಿಲ್ಲ, ನನ್ನದೇ ತಲೆ! ಕೈಗೆ ಕೊಟ್ಟ ಕೂಡಲೇ ಉಗುರಿನಿಂದ ಥ್ರೆಡ್ ಮುಟ್ಟಿ ನೋಡುತ್ತಾರೆ. ಮಾತು ತಾನಾಗೇ ಶುರು. ವಾಲ್ವ್ ಮಾಡುವವರೊಬ್ಬರು, "ಹಿತ್ತಾಳೆ ಸರಿ ಸರ್, 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹೀಗೇ ಬರುತ್ತಾ?" ಅಂದರು. ಬರುತ್ತೆ, ಆದರೆ ಟೂಲ್ ಬೇಗ ಸವೆಯುತ್ತೆ, ರೇಟ್ ಜಾಸ್ತಿ ಆಗುತ್ತೆ ಅಂತ ನೇರವಾಗಿ ಹೇಳಿದೆ. ಅವರ ಕಾರ್ಡಿನ ಹಿಂದೆ "316, ಸ್ಯಾಂಪಲ್ 10" ಅಂತ ಬರೆಯಲು ಹೋದರೆ ನುಣುಪು ಕಾರ್ಡು, ಪೆನ್ನೇ ಹತ್ತಲಿಲ್ಲ. ಅಂಗೈ ಮೇಲೆ ಬರೆದುಕೊಂಡೆ. ಮುಂದಿನ ಸಲ ಒಂದು ಪುಟ್ಟ ನೋಟ್‌ಬುಕ್ ಬೇಕೇ ಬೇಕು.

ಅವತ್ತು ರಾತ್ರಿಯೇ ವಾಟ್ಸಾಪ್ ಮಾಡಿದೆ. ಮರುದಿನ ವಾಲ್ವ್‌ನವರಿಂದ ಡ್ರಾಯಿಂಗ್ ಬಂತು. ಆರ್ಡರ್ ಇನ್ನೂ ಆಗಿಲ್ಲ, ಸ್ಯಾಂಪಲ್ ಕೆಲಸ ನಡೀತಿದೆ. ಉಳಿದ ಎಂಟರಲ್ಲಿ ಉತ್ತರ ಕೊಟ್ಟಿದ್ದು ಇಬ್ಬರೇ.

ಅಂದಹಾಗೆ, 30 ಸೆಕೆಂಡಿನ ಪರಿಚಯ ಬಾಯಿಪಾಠ ಮಾಡಿ ಅಂದವರೇ, ಕ್ಷಮಿಸಿ. ಎರಡನೇ ಸ್ಟಾಲ್‌ನಲ್ಲೇ ಮರೆತುಹೋಯಿತು.