ಎವಿಎಂ ಒಡೆದ ಮೇಲೆ ತಲೆಯಲ್ಲಿ ನೀರು: ನರ ಶಸ್ತ್ರಚಿಕಿತ್ಸಕರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನ್ನ ತಮ್ಮನಿಗೆ 26 ವರ್ಷ. ಎವಿಎಂ (ಮಿದುಳಿನ ರಕ್ತನಾಳಗಳು ತಪ್ಪಾಗಿ ಹೆಣೆದುಕೊಂಡ ಗಂಟು) ಒಡೆದು ಮಿದುಳಿನಲ್ಲಿ ರಕ್ತಸ್ರಾವ ಆಯ್ತು. ಐಸಿಯುನಲ್ಲಿ ತಲೆಯೊಳಗಿನ ನೀರನ್ನು ಹೊರಗೆ ಇಳಿಸೋಕೆ ತಾತ್ಕಾಲಿಕವಾಗಿ ಇವಿಡಿ ಪೈಪ್ ಹಾಕಿದ್ದಾರೆ. ಅದನ್ನು ಮುಚ್ಚಿ ನೋಡಿದಾಗ ಮತ್ತೆ ವಾಂತಿ, ಮಂಪರು. ಈಗ ವಿಪಿ ಶಂಟ್ (ನೀರನ್ನು ಹೊಟ್ಟೆಗೆ ಇಳಿಸುವ, ದೇಹದೊಳಗೇ ಇರುವ ಟ್ಯೂಬ್) ಅಂತಿದ್ದಾರೆ. ರಕ್ತ ನಿಂತಿದೆಯಂತೆ, ಮತ್ತೆ ನೀರು ಯಾಕೆ ತುಂಬುತ್ತೆ? ಕುಡಿಯೋ ನೀರು ಕಡಿಮೆ ಮಾಡಿ ಅಂತ ಮನೆಯಲ್ಲಿ ಹಿರಿಯರು ಹೇಳ್ತಿದ್ದಾರೆ.

ಡಾಕ್ಟರ್: ದಯವಿಟ್ಟು ಹಾಗೆ ಮಾಡಬೇಡಿ. ಇದು ಕುಡಿದ ನೀರಲ್ಲ, ಮಿದುಳಿನ ಕುಹರಗಳಲ್ಲೇ (ಒಳಗಿನ ಟೊಳ್ಳು ಜಾಗಗಳಲ್ಲೇ) ಹುಟ್ಟುವ ದ್ರವ. ದಿನಕ್ಕೆ ಸುಮಾರು 500 ಎಂಎಲ್ ಉತ್ಪತ್ತಿಯಾಗುತ್ತೆ, ಒಂದು ಹೊತ್ತಿಗೆ ಒಳಗಿರೋದು 150 ಎಂಎಲ್ ಆಸುಪಾಸು. ಉಳಿದದ್ದು ರಕ್ತಕ್ಕೆ ಸೇರಿ ಖಾಲಿಯಾಗ್ತಲೇ ಇರಬೇಕು. ಎವಿಎಂನಲ್ಲಿ ಅಪಧಮನಿ ನೇರವಾಗಿ ಅಭಿಧಮನಿಗೆ ಕೂಡಿರುತ್ತೆ, ನಡುವೆ ಒತ್ತಡ ತಗ್ಗಿಸುವ ಲೋಮನಾಳಗಳಿಲ್ಲ. ಅದು ಒಡೆದು ರಕ್ತ ಕುಹರಕ್ಕಿಳಿದರೆ ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ. ಹೆಪ್ಪು ಕರಗಿದರೂ ದ್ರವ ಹೀರಿಕೊಳ್ಳುವ ಜಾಗ ಹೂಳು ತುಂಬಿದ ಚರಂಡಿ ಜಾಲರಿಯಂತೆ ಕಟ್ಟಿಕೊಂಡಿರಬಹುದು. ಕೆಲವರಿಗೆ ತಾನಾಗೇ ಬಿಡುತ್ತೆ, ಅದಕ್ಕೇ ಪೈಪ್ ಮುಚ್ಚಿ ನೋಡೋದು. ನಿಮ್ಮ ತಮ್ಮ ತಡೆದುಕೊಳ್ಳಲಿಲ್ಲ. ಇವಿಡಿ ದಿನಗಟ್ಟಲೆ ಇದ್ದಷ್ಟೂ ಸೋಂಕಿನ ಭಯ ಹೆಚ್ಚು. ನೀವು ಬರೆದಿದ್ದನ್ನಷ್ಟೇ ನೋಡಿದರೆ, ಶಂಟ್ ಸಲಹೆ ನನಗೂ ಸರಿ ಅನಿಸುತ್ತೆ.

ಪ್ರಶ್ನೆ: ಶಂಟ್ ಹಾಕಿದರೆ ಎವಿಎಂ ಕೂಡ ವಾಸಿಯಾದ ಹಾಗಾ? ಅದು ಜೀವನಪೂರ್ತಿ ಇರುತ್ತಾ?

ಡಾಕ್ಟರ್: ಇಲ್ಲ, ಎರಡೂ ಬೇರೆ. ಶಂಟ್ ದ್ರವವನ್ನು ಚರ್ಮದಡಿಯ ಟ್ಯೂಬ್‌ನಲ್ಲಿ ಹೊಟ್ಟೆಗೆ ಇಳಿಸುತ್ತೆ, ಅಷ್ಟೇ. ಎವಿಎಂಗೆ ಆಪರೇಷನ್, ಅಂಟು ತುಂಬುವ ಎಂಬೊಲೈಸೇಷನ್ ಅಥವಾ ತಲೆ ತೆರೆಯದೆ ವಿಕಿರಣ ಕೊಡುವ ಗಾಮಾ ನೈಫ್ ಇವೆ. ಗಾಮಾ ನೈಫ್ ಆದರೆ ಗಂಟು ಪೂರ್ತಿ ಮುಚ್ಚಲು 2–3 ವರ್ಷ ಹಿಡಿಯುತ್ತೆ, ಅಲ್ಲಿವರೆಗೆ ಮತ್ತೆ ಒಡೆಯುವ ಅಪಾಯ ಇದ್ದೇ ಇರುತ್ತೆ. ಡಿಸ್ಚಾರ್ಜ್‌ಗೆ ಮುಂಚೆ ಈ ಪ್ಲ್ಯಾನ್ ಕೇಳಿಟ್ಟುಕೊಳ್ಳಿ, ಎಷ್ಟೋ ಮನೆಯವರು ಶಂಟ್ ಆಯ್ತು ಅಂತ ಇದನ್ನೇ ಮರೀತಾರೆ. ಶಂಟ್ ಸಾಮಾನ್ಯವಾಗಿ ತೆಗೆಯಲ್ಲ. ಕಟ್ಟಿಕೊಂಡರೆ ಬದಲಿಸಬೇಕಾಗುತ್ತೆ. ತಲೆನೋವು, ವಾಂತಿ, ತೂಕಡಿಕೆ, ಜ್ವರ ಬಂದರೆ ಗ್ಯಾಸ್ ಮಾತ್ರೆ ಕೊಟ್ಟು ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ.

ಇನ್ನೊಬ್ಬ ಸದಸ್ಯರು: ನಮ್ಮ ಮಾವನಿಗೂ ಇವಿಡಿ ಇದೆ. ಊಟ ಮಾಡಿಸೋವಾಗ ನಾವೇ ಬೆಡ್ ಎತ್ತಬಹುದಾ?

ಡಾಕ್ಟರ್: ಬೇಡ. ಕಿವಿಯ ಮಟ್ಟಕ್ಕೆ ಅಳತೆ ಮಾಡಿ ದ್ರವ ಬೀಳುವ ಚೇಂಬರ್‌ನ ಎತ್ತರ ಇಟ್ಟಿರ್ತಾರೆ. ತಲೆ ಮೇಲೆದ್ದು ಚೇಂಬರ್ ಅಲ್ಲೇ ಉಳಿದರೆ ದ್ರವ ಒಮ್ಮೆಲೇ ಹೆಚ್ಚು ಸುರಿದುಹೋಗುತ್ತೆ, ಅದೂ ಅಪಾಯವೇ. ಸಿಸ್ಟರ್‌ನ ಕರೀರಿ. ಅವರು ಪೈಪ್ ಮುಚ್ಚಿ, ಬೆಡ್ ಸರಿಮಾಡಿ, ಮತ್ತೆ ಅಳೆದು ತೆರೀತಾರೆ.