ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕೊನೆಯ ವರ್ಷ, ವಯಸ್ಸು 41: ಹಾಸ್ಪೈಸ್ (ಕೊನೆಗಾಲದ ಆರೈಕೆ) ಕೆಲಸಕ್ಕೆ ಈಗಿಂದಲೇ ಏನು ಕಲಿಯಲಿ?

ತುಂಗೆಯ ದಂಡೆ (ಪ್ರಶ್ನೆ)
ಶಿವಮೊಗ್ಗದಲ್ಲಿ ಜಿಎನ್‌ಎಂ ಮೂರನೇ ವರ್ಷ ಓದುತ್ತಿದ್ದೇನೆ. ಮುಗಿದ ಮೇಲೆ ಐಸಿಯುಗೆ ಹೋಗುವ ಇರಾದೆ ಇಲ್ಲ. ತೀರ್ಥಹಳ್ಳಿ, ಹೊಸನಗರ ಕಡೆ ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಬೇಕು. ವಾರ್ಡ್ ಪೋಸ್ಟಿಂಗ್‌ನಲ್ಲಿ ಯಾವುದಕ್ಕೆ ಕೈ ಪಳಗಿಸಿಕೊಳ್ಳಬೇಕು? ಮಾರ್ಫಿನ್ (ತೀವ್ರ ನೋವಿನ ಔಷಧಿ) ಅಂದರೆ ಉಸಿರು ಕುಗ್ಗಿಸುತ್ತದೆ ಅನ್ನುವುದರಾಚೆ ನನಗೆ ಹೆಚ್ಚು ಗೊತ್ತಿಲ್ಲ.

ಮಳೆಗಾಲದ ಸಿಸ್ಟರ್
ಮಾರ್ಫಿನ್‌ನಿಂದಲೇ ಶುರು ಮಾಡಿ. ಡೋಸ್ ಬರೆಯುವವರು ಡಾಕ್ಟರು, ಆದರೆ ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವರು ನೀವು. ಬಾಯಿಯ ಮಾತ್ರೆ ಅರ್ಧ ಗಂಟೆಯೊಳಗೆ ಹಿಡಿಯುತ್ತದೆ, ನಾಲ್ಕು ಗಂಟೆ ನಿಲ್ಲುತ್ತದೆ. ಹಾಗಾಗಿ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದ್ದನ್ನು ದುಪ್ಪಟ್ಟು ಕೊಟ್ಟರೆ 2 ಗಂಟೆಗೆ ಎಬ್ಬಿಸುವುದು ತಪ್ಪುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಆರಂಭ, ತೀರಾ ಬಡಕಲಾದ ಮುದುಕರಿಗೆ 2.5. ಎರಡು ಡೋಸ್‌ಗಳ ನಡುವೆ ನೋವು ಉಕ್ಕಿದರೆ ದಿನದ ಒಟ್ಟು ಡೋಸ್‌ನ ಆರನೇ ಒಂದು ಭಾಗ ಹೆಚ್ಚುವರಿ.

ಎಡವುವುದು ಎಲ್ಲಿ ಅಂದರೆ, ಮನೆಯವರು "ನೋವು ಬಂದಾಗ ಕೊಡೋಣ" ಎಂದು ಮಾತ್ರೆ ಉಳಿಸಿಡುತ್ತಾರೆ. ನೋವು ಏರಿದ ಮೇಲೆ ಕೊಟ್ಟರೆ ಅದೇ ಡೋಸ್ ಸಾಕಾಗುವುದಿಲ್ಲ, "ಔಷಧಿ ಹಿಡೀತಿಲ್ಲ" ಅನ್ನುವ ದೂರು ಶುರು. ಎರಡನೆಯ ಎಡವಟ್ಟು ಮಲಬದ್ಧತೆ. ಓಕರಿಕೆ, ಮಂಪರು ಕೆಲವು ದಿನದಲ್ಲಿ ಇಳಿಯುತ್ತವೆ, ಮಲಬದ್ಧತೆ ಇಳಿಯುವುದೇ ಇಲ್ಲ. ಮೊದಲ ದಿನದಿಂದಲೇ ಬಿಸಾಕೊಡಿಲ್ ಥರದ ಮಲ ಸಡಿಲಿಸುವ ಮಾತ್ರೆ ಜೊತೆಗಿರಲಿ. ಮೂರು ದಿನ ಹೊರಕ್ಕೆ ಹೋಗಿಲ್ಲ ಅಂದರೆ ಗುದ ಪರೀಕ್ಷೆ ಮಾಡದೆ ಮನೆಯಿಂದ ಹೊರಡಬೇಡಿ. ಗಟ್ಟಿ ಮಲದ ಸುತ್ತ ನೀರು ಸೋರುವುದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕೆಲಸ ಕೆಟ್ಟಿತು.

ಮದ್ದಿನ ಚೀಟಿ
ಮೇಲಿನದಕ್ಕೆ ಒಂದು ತಿದ್ದುಪಡಿ. ಮೂತ್ರಪಿಂಡ ಸೋತವರಿಗೆ ಆ ನಾಲ್ಕು ಗಂಟೆಯ ಲೆಕ್ಕವೂ ರಾತ್ರಿಯ ದುಪ್ಪಟ್ಟೂ ನಡೆಯುವುದಿಲ್ಲ. ಮಾರ್ಫಿನ್ ಒಡೆದು ಆಗುವ ವಸ್ತುಗಳು ಹೊರಹೋಗದೆ ಉಳಿಯುತ್ತವೆ. ಮೂತ್ರ ಕಡಿಮೆ, ಕೈಕಾಲು ಜಿಗಿಯುವುದು, ಮಂಪರು, ಗೊಂದಲದ ಮಾತು: ಇವು ಒಟ್ಟಿಗೆ ಕಂಡರೆ ಮುಂದಿನ ಮಾತ್ರೆ ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ.

ಕಾನೂನಿನ ಕಡೆ: ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 2014ರ ತಿದ್ದುಪಡಿಯ ನಂತರ ಮಾರ್ಫಿನ್ ಅತ್ಯಗತ್ಯ ಮಾದಕ ಔಷಧಿಗಳ ಪಟ್ಟಿಯಲ್ಲಿದೆ. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟು ಕೊಡಬಹುದು, ದಾಸ್ತಾನು ಪುಸ್ತಕ ಕಡ್ಡಾಯ. ಬಂದದ್ದು, ಕೊಟ್ಟದ್ದು, ಉಳಿದದ್ದು ಆಯಾ ದಿನವೇ ಬರೆಯುವ ರೂಢಿ ಮಾಡಿಕೊಳ್ಳಿ. ವಾರಕ್ಕೊಮ್ಮೆ ಕೂತು ಬರೆದರೆ ಲೆಕ್ಕ ಕೂಡುವುದೇ ಇಲ್ಲ.

ಮಳೆಗಾಲದ ಸಿಸ್ಟರ್
ಮದ್ದಿನ ಚೀಟಿಯವರು ಹೇಳಿದ್ದು ಸರಿ, ನಾನು ಸೇರಿಸಬೇಕಿತ್ತು.

ಇನ್ನು ಕೈಕೆಲಸ. ಮಲೆನಾಡಿನ ಒಂಟಿಮನೆಗಳಲ್ಲಿ ರಕ್ತನಾಳ ಹುಡುಕುತ್ತ ಕೂರಬೇಡಿ, ಚರ್ಮದಡಿಯ ಸೂಜಿ ಕಲಿಯಿರಿ. 24 ಗೇಜಿನ ಬಟರ್‌ಫ್ಲೈ ಸೂಜಿಯನ್ನು (ರೆಕ್ಕೆಯಿರುವ ತೆಳು ಸೂಜಿ) ಕಾಲರ್ ಮೂಳೆಯ ಕೆಳಗೋ ಹೊಟ್ಟೆಯ ಮೇಲೋ ಕೂರಿಸಿ, ಪಾರದರ್ಶಕ ಪ್ಲಾಸ್ಟರ್ ಅಂಟಿಸಿ, ತಾರೀಖು ಬರೆಯಿರಿ. ಬಾವು ಬಂದ ಜಾಗ, ನೀರು ತುಂಬಿದ ತೋಳು ಬೇಡ. ಕೆಂಪಾಯಿತು, ಗಟ್ಟಿಯಾಯಿತು ಅಂದರೆ ಜಾಗ ಬದಲಿಸಿ. ನುಂಗಲಾಗದವರಿಗೆ ಮಾರ್ಫಿನ್ ಈ ದಾರಿಯಲ್ಲಿ, ಬಾಯಿಯ ಡೋಸ್‌ನ ಅರ್ಧದಿಂದ ಮೂರನೇ ಒಂದು ಭಾಗ. ಲೆಕ್ಕ ಡಾಕ್ಟರದ್ದೇ, ಆದರೆ ಅದೇ ಸಂಖ್ಯೆಯನ್ನು ಹಾಗೇ ಇಳಿಸಿಕೊಂಡಿಲ್ಲವೇ ಎಂದು ನೋಡುವುದು ನಿಮ್ಮ ಕಣ್ಣು.

ಎಲೆ-ಅಡಿಕೆ-ಹೊಗೆಸೊಪ್ಪಿನ ಸೀಮೆ ಇದು, ಬಾಯಿ ಕ್ಯಾನ್ಸರಿನ ಹುಣ್ಣು ನೋಡೇ ನೋಡುತ್ತೀರಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಅದರಲ್ಲಿ ಹಳೇ ಗಾಜ್ ಚೆನ್ನಾಗಿ ನೆನೆದ ಮೇಲೆ ಬಿಡಿಸಿ. ಒಣಗಿದ್ದನ್ನು ಎಳೆದರೆ ರಕ್ತ. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸಿ. ನೊಣ ಕೂತು ಹುಳ ಬಿದ್ದಿದ್ದರೆ ಟರ್ಪೆಂಟೈನ್ ಅದ್ದಿದ ಗಾಜನ್ನು ಗಾಯದ ಬಾಯಿಗೆ ಹಿಡಿಯಿರಿ, ಒಳಗೆ ಸುರಿಯಬೇಡಿ. ಹೊರಬಂದ ಹುಳಗಳನ್ನು ಫೋರ್ಸೆಪ್ಸ್‌ನಲ್ಲಿ ತೆಗೆಯಿರಿ. ಕುತ್ತಿಗೆಯ ಹುಣ್ಣಾದರೆ ಕಡುಬಣ್ಣದ ಟವೆಲ್ ಹಾಸಿಗೆ ಪಕ್ಕದಲ್ಲೇ ಇರಲಿ. ದೊಡ್ಡ ರಕ್ತನಾಳ ಒಡೆದಾಗ ಬಿಳಿ ಬಟ್ಟೆಯ ಮೇಲೆ ಕಾಣುವ ಕೆಂಪು ಮನೆಯವರನ್ನು ಬೆಚ್ಚಿಬೀಳಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಡ್‌ಸೋರ್‌ಗೆ (ಮಲಗಿದಲ್ಲೇ ಆಗುವ ಹುಣ್ಣು) ಒತ್ತಡವಷ್ಟೇ ಅಲ್ಲ, ಒದ್ದೆಯೂ ಕಾರಣ. ಅರೆ ಒಣಗಿದ ಹಾಸು ಚರ್ಮವನ್ನು ಮೆತ್ತಗಾಗಿಸಿ ಕಿತ್ತುಬಿಡುತ್ತದೆ. ಹತ್ತಿ ಹಾಸುಗಳನ್ನು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಪೂರ್ತಿ ಒಣಗಿಸಲು ಹೇಳಿ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ, ಪೂರ್ತಿ ಪಕ್ಕಕ್ಕಲ್ಲ, ದಿಂಬು ಕೊಟ್ಟು 30 ಡಿಗ್ರಿ. ಕರೆಂಟ್ ಹೋದರೆ ಗಾಳಿಹಾಸಿಗೆ ಕುಸಿಯುತ್ತದೆ, ರೋಗಿ ಬರಿಯ ಹಲಗೆಗೆ ತಾಗುತ್ತಾರೆ. ಅದನ್ನೇ ನೆಚ್ಚಿಕೊಂಡ ಮನೆಗಳಲ್ಲೇ ಹುಣ್ಣು ಜಾಸ್ತಿ.

ತುಂಗೆಯ ದಂಡೆ
ಬಹಳ ಉಪಯೋಗವಾಯಿತು. ಇನ್ನೊಂದು: "ಅಪ್ಪಯ್ಯನಿಗೆ ಕ್ಯಾನ್ಸರ್ ಅಂತ ಹೇಳಬೇಡಿ" ಎಂದು ಮಕ್ಕಳು ಜಗುಲಿಯಲ್ಲೇ ತಡೆದರೆ?

ಕಾನುಗುಡ್ಡ
ಒಪ್ಪುವುದೂ ಬೇಡ, ಜಗಳವೂ ಬೇಡ. ನೀವಾಗಿ ಹೇಳುವುದಿಲ್ಲ, ಅವರಾಗಿ ಕೇಳಿದರೆ ಸುಳ್ಳೂ ಹೇಳುವುದಿಲ್ಲ ಎಂದು ಮೊದಲೇ ತಿಳಿಸಿ. ಒಳಗೆ ಹೋಗಿ "ನಿಮಗೇನು ಅನ್ನಿಸ್ತಾ ಇದೆ?" ಎಂದು ಕೇಳಿ ಸುಮ್ಮನೆ ಕೂರಿ. ಎಷ್ಟೋ ಸಲ ಅವರಿಗೆ ಗೊತ್ತೇ ಇರುತ್ತದೆ, ಮಕ್ಕಳಿಗೆ ಬೇಸರವಾಗಬಾರದೆಂದು ಅವರೂ ಮುಚ್ಚಿಟ್ಟಿರುತ್ತಾರೆ.

ಕೊನೆಯ ದಿನಗಳಲ್ಲಿ "ಒಂದು ಬಾಟ್ಲಿ ಗ್ಲೂಕೋಸ್ ಹಾಕಿ" ಎಂಬ ಒತ್ತಾಯ ಬಂದೇ ಬರುತ್ತದೆ. ಆ ಹೊತ್ತಿನಲ್ಲಿ ದ್ರವ ಹೆಚ್ಚಾದರೆ ಕಾಲು ಊದುತ್ತದೆ, ಗಂಟಲಿನ ಗೊರಗೊರ ಜಾಸ್ತಿಯಾಗುತ್ತದೆ. ಆ ಶಬ್ದಕ್ಕೆ ಪಕ್ಕಕ್ಕೆ ಹೊರಳಿಸುವುದು ಮೊದಲು, ಬೇಕಾದರೆ ಡಾಕ್ಟರು ಬರೆದ ಗ್ಲೈಕೊಪೈರೊಲೇಟ್ (ಗಂಟಲಿನ ದ್ರವ ಕಡಿಮೆ ಮಾಡುವ ಔಷಧಿ) 0.2 ಮಿಲಿಗ್ರಾಂ ಚರ್ಮದಡಿ. ಕಫ ಎಳೆಯುವ ಸಕ್ಷನ್ ನಳಿಗೆ ಒಳಗೆ ತೂರಿಸಬೇಡಿ. ಗಂಗಾಜಲ ಬಿಡಬೇಡಿ ಎನ್ನಬೇಡಿ, ಚಮಚದ ಬದಲು ಹತ್ತಿಯಲ್ಲಿ ತುಟಿ ಒದ್ದೆ ಮಾಡಲು ಕೊಡಿ. ಅದೇ ಬಾಯಿಯ ಆರೈಕೆಯೂ ಹೌದು.

ಮದ್ದಿನ ಚೀಟಿ
ಪಾಲಿಯೇಟಿವ್ (ಗುಣವಾಗದ ಕಾಯಿಲೆಯವರ ನೋವು ಇಳಿಸುವ) ಆರೈಕೆಯ ಕೋರ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಮೊದಲು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮುಗಿಸಿ. ಆಮೇಲೆ ತಿರುವನಂತಪುರದ ಪಾಲಿಯಮ್ ಇಂಡಿಯಾ, ಕೋಯಿಕ್ಕೋಡ್‌ನ ಇನ್‌ಸ್ಟಿಟ್ಯೂಟ್ ಆಫ್ ಪಾಲಿಯೇಟಿವ್ ಮೆಡಿಸಿನ್, ಬೆಂಗಳೂರಿನ ಕರುಣಾಶ್ರಯ, ಈ ಮೂರೂ ಕಡೆ ವಿಚಾರಿಸಿ. ಮನೆಭೇಟಿಯ ವ್ಯಾನಿನಲ್ಲಿ ಎಷ್ಟು ದಿನ ಕಳುಹಿಸುತ್ತಾರೆ ಎಂಬುದನ್ನೇ ಮೊದಲು ಕೇಳಿ, ಸರ್ಟಿಫಿಕೇಟ್ ಆಮೇಲಿನದು.

ಮತ್ತೆ ಮಳೆಗೆ ಮರ ಬಿದ್ದು ರಸ್ತೆ ಮುಚ್ಚುವ ಊರುಗಳಿಗೆ ಒಂದು ವಾರದ ಮಾತ್ರೆ ಸಾಲದು, ಎರಡು ವಾರದ್ದು ಬರೆಸಿ. ರೋಗಿ ತೀರಿಕೊಂಡ ಮೇಲೆ ಉಳಿದದ್ದನ್ನು ಎಣಿಸಿ, ಮನೆಯವರ ಸಹಿ ಪಡೆದು ವಾಪಸ್ ತನ್ನಿ. ಅಡುಗೆಮನೆಯ ಡಬ್ಬಿಯಲ್ಲಿ ಬಿಟ್ಟು ಬರಬೇಡಿ.